ಗಾಳಿಯೂ ಗಡಿಗೆರೆಯೂ

ಮಳೆಗಾಲ ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದು ದೂರು ತಪ್ಪದೆ ಬರುತ್ತದೆ. ರಜೆ ಮುಗಿಸಿ ಗಲ್ಫಿಗೆ ಮರಳುವವರು ತೊಕ್ಕೊಟ್ಟಿನಿಂದ ಹೊತ್ತಿಗೆ ಮೊದಲೇ ಹೊರಟು, ನೇತ್ರಾವತಿ ಸೇತುವೆ ದಾಟಿ ಬಜಪೆ ಸೇರಿರುತ್ತಾರೆ. ವಿಮಾನವೂ ಕಣ್ಣೆದುರಿಗೇ ನಿಂತಿರುತ್ತದೆ. ಆದರೆ ಪೈಲಟ್ ಮಹಾಶಯರು ಗಾಳಿಯ ಕಾರಣ ಹೇಳಿ ಹೊರಡುವುದಿಲ್ಲ! "ಸರ್, ಅಷ್ಟು ದೊಡ್ಡ ವಿಮಾನಕ್ಕೆ ಇಷ್ಟು ಗಾಳಿಯೂ ತಡೆಯುವುದಿಲ್ಲವೇ?" ಎಂದು ಕೇಳುತ್ತಾರೆ. ಕಡಲು ಕೆರಳಿದೆಯೆಂದು ಉಳ್ಳಾಲದ ಮೀನುಗಾರರು ದೋಣಿ ಇಳಿಸದಿದ್ದರೆ ನಾವು ಅವರನ್ನು ವಿವೇಕಿಗಳೆನ್ನುತ್ತೇವೆ. ಪೈಲಟರಿಗೆ ಮಾತ್ರ ಆ ಗೌರವವಿಲ್ಲ.

ತರಗತಿಯಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳುವೆ. ವಿಮಾನವನ್ನು ಮೇಲಕ್ಕೆತ್ತುವುದು ನೆಲದ ಮೇಲಿನ ಓಟವಲ್ಲ, ರೆಕ್ಕೆಯ ಮೇಲೆ ಹರಿಯುವ ಗಾಳಿ. ಆದುದರಿಂದಲೇ ಎದುರುಗಾಳಿ ಏರುವವರಿಗೆ ಮಿತ್ರ. ಬೆನ್ನ ಹಿಂದಿನ ಗಾಳಿ ಶತ್ರು. ಬಜಪೆಯ ಹೊಸ ರನ್‌ವೇಯ ಒಂದು ತುದಿಗೆ 24 ಎಂಬ ಸಂಖ್ಯೆಯಿದೆ. ಅದಕ್ಕೊಂದು ಸೊನ್ನೆ ಸೇರಿಸಿದರೆ 240 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನೈಋತ್ಯ ದಿಕ್ಕು. ಮುಂಗಾರಿನ ಗಾಳಿ ಬರುವುದೂ ಅತ್ತಲಿಂದಲೇ. ಇದು ನಮ್ಮ ಪುಣ್ಯ. ಆದರೆ ಗಾಳಿ ಪಕ್ಕಕ್ಕೆ ಹೊರಳಿ ಅಡ್ಡಗಾಳಿಯಾದರೆ ಪ್ರತಿ ವಿಮಾನಕ್ಕೂ ಒಂದು ಮಿತಿಯುಂಟು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ 2,450 ಮೀಟರ್ ರನ್‌ವೇ ಅದು, ಅಂಚಿನಾಚೆ ಕಣಿವೆ. ಓಟದ ನಡುವೆ 'ವಿ-ಒನ್' ಎಂಬ ವೇಗವೊಂದಿದೆ. ಅದಕ್ಕೆ ಮೊದಲು ನಿಲ್ಲಿಸಬಹುದು, ದಾಟಿದ ಮೇಲೆ ಏರಲೇಬೇಕು.

ಎಲ್ಲಕ್ಕಿಂತ ಘೋರವಾದುದು ಕ್ಷಣಾರ್ಧದಲ್ಲಿ ಎದುರುಗಾಳಿ ಬೆನ್ನುಗಾಳಿಯಾಗುವ 'ವಿಂಡ್ ಶಿಯರ್'. 1982ರ ಜುಲೈ 9ರಂದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಪ್ಯಾನ್ ಆಮ್ ವಿಮಾನವೊಂದು ಮೇಲೇರಿದೊಡನೆಯೇ ಗುಡುಗುಮೋಡದಿಂದ ಕೆಳಗೆ ಸುರಿದ ಗಾಳಿಗೆ ಸಿಲುಕಿ ಬಿತ್ತು. ನೆಲದ ಮೇಲಿದ್ದ 8 ಮಂದಿಯೂ ಸೇರಿ 153 ಜನ ಸತ್ತರು. ಬಜಪೆಯ 2010ರ ಮೇ 22ರ ದುರಂತ ಇಳಿಯುವಾಗ ಸಂಭವಿಸಿದ್ದು, ಅಲ್ಲಿ ಗಾಳಿಯ ತಪ್ಪೇನೂ ಇರಲಿಲ್ಲ. ಆದರೂ ಆ ತನಿಖಾ ವರದಿಯ ಒಂದು ಮಾತನ್ನು ನಾನು ಮರೆಯಲಾರೆ: ಸಹಪೈಲಟ್ ಮೂರು ಬಾರಿ ಮತ್ತೆ ಮೇಲೇರಲು ಹೇಳಿದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡಲಿಲ್ಲ. 158 ಜೀವಗಳು ಹೋದವು. 'ಈಗ ಬೇಡ' ಎನ್ನಬಲ್ಲ ಪೈಲಟರನ್ನು ಬೈಯುವ ಮೊದಲು ಇದನ್ನು ನೆನೆಯಿರಿ.

ನೆಲದ ಮೇಲಿರುವಾಗ ಕಾಯಬಹುದು. ಏರಿದ ಮೇಲೆ ಬೇಕಾದುದು ಹೊರಳಲು ಜಾಗ. ಬಜಪೆಯಿಂದ ಪಡುವಣಕ್ಕೆ ಹೊರಟವರಿಗೆ ಅರಬ್ಬೀ ಸಮುದ್ರದ ಮೇಲೆ ವಿಶಾಲವಾದ ಆಕಾಶವಿದೆ. ಎಲ್ಲೆಡೆಯೂ ಹಾಗಿಲ್ಲ. ಬೆಂಗಳೂರಿನಲ್ಲಿ ಕೆಂಪೇಗೌಡ ನಿಲ್ದಾಣದ ಸಮೀಪದಲ್ಲೇ ಯಲಹಂಕದ ವಾಯುಪಡೆಯ ನೆಲೆಯಿದೆ. 2025ರ ಫೆಬ್ರವರಿಯಲ್ಲಿ ಏರೋ ಇಂಡಿಯಾ ನಡೆದಾಗ ನಾಗರಿಕ ವಿಮಾನಗಳನ್ನು ದಿನದ ಕೆಲವು ಹೊತ್ತು ತಡೆಯಲಾಗಿತ್ತು. ಅದು ಮುಂಚಿತವಾಗಿ ಪ್ರಕಟವಾದ ವೇಳಾಪಟ್ಟಿ, ಯಾರೂ ಅಪಾಯಕ್ಕೆ ಸಿಲುಕಲಿಲ್ಲ. ಆದರೆ ಬಿರುಗಾಳಿ ವೇಳಾಪಟ್ಟಿ ಕಳುಹಿಸಿ ಬರುವುದಿಲ್ಲವಲ್ಲ!

ಅದೇ ವರ್ಷದ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನಕ್ಕೆ ಪಠಾಣ್‌ಕೋಟ್ ಬಳಿ ಆಲಿಕಲ್ಲಿನ ಮೋಡ ಎದುರಾಯಿತು. ಒಳಗೆ 220ಕ್ಕೂ ಹೆಚ್ಚು ಜನ. ಎಡಕ್ಕೆ, ಅಂದರೆ ಅಂತಾರಾಷ್ಟ್ರೀಯ ಗಡಿಯತ್ತ, ಹೊರಳಲು ಪೈಲಟರು ನಮ್ಮ ವಾಯುಪಡೆಯ ನಿಯಂತ್ರಣ ಕೇಂದ್ರವನ್ನು ಕೇಳಿದರು. ಅನುಮತಿ ಸಿಗಲಿಲ್ಲ. ಲಾಹೋರನ್ನು ಕೇಳಿದರು. ಏಪ್ರಿಲ್ 24ರಂದೇ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದ್ದ ಪಾಕಿಸ್ತಾನವೂ ಒಲ್ಲೆನೆಂದಿತು. ಹಿಂದಿರುಗಲು ಯತ್ನಿಸುವಷ್ಟರಲ್ಲಿ ಮೋಡ ತೀರಾ ಹತ್ತಿರವಾಗಿತ್ತು, ಒಳನುಗ್ಗುವುದೊಂದೇ ದಾರಿ. ಒಂದು ಹಂತದಲ್ಲಿ ವಿಮಾನ ನಿಮಿಷಕ್ಕೆ 8,500 ಅಡಿ ವೇಗದಲ್ಲಿ ಕುಸಿಯಿತು. ವೇಗಮಾಪಕಗಳ ಲೆಕ್ಕ ನಂಬುವಂತಿರಲಿಲ್ಲ, ಆಟೋಪೈಲಟ್ ಕೈಬಿಟ್ಟಿತು. ಪೈಲಟರು ಕೈಯಿಂದಲೇ ನಡೆಸಿ, ಮೂತಿ ಜಜ್ಜಿಹೋದ ವಿಮಾನವನ್ನು ಶ್ರೀನಗರದಲ್ಲಿ ಸುರಕ್ಷಿತವಾಗಿ ಇಳಿಸಿದರು.

ವಾಯುಪಡೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಕದನ ನಿಂತು ಎರಡು ವಾರವೂ ಆಗಿರಲಿಲ್ಲ. ಲಾಹೋರಿನ ರೇಡಿಯೋ ಸಂಪರ್ಕಕ್ಕೆ ಅವರು ನೆರವನ್ನೂ ನೀಡಿದರು. ನನ್ನ ಆಕ್ಷೇಪ ಬೇರೆ. ಆ ಕೆಲವೇ ನಿಮಿಷಗಳಲ್ಲಿ ಅನುಮತಿಗಾಗಿ ಎರಡು ದೇಶಗಳನ್ನು ಬೇಡುವ ಸ್ಥಿತಿ ಪೈಲಟರಿಗೆ ಏಕೆ ಬರಬೇಕು? ಪ್ರಾಣಾಪಾಯದ ಹೊತ್ತಿನಲ್ಲಿ ನಿಯಮ ಮೀರುವ ಅಧಿಕಾರ ವಿಮಾನದ ನಾಯಕರಿಗಿದೆಯೆಂದು ಅಂತಾರಾಷ್ಟ್ರೀಯ ವಿಮಾನಯಾನ ನಿಯಮಗಳೇ ಹೇಳುತ್ತವೆ. ಆದರೆ ಗೆರೆಯಾಚೆ ಕ್ಷಿಪಣಿಗಳು ಕಾದಿರುವಾಗ ಕಾಗದದ ಮೇಲಿನ ಆ ಅಧಿಕಾರದಿಂದೇನು ಪ್ರಯೋಜನ?

ಆಕಾಶವನ್ನು ಮುಚ್ಚುವ ಆಜ್ಞೆಯಲ್ಲೇ, ಹವಾಮಾನ ಕೆಟ್ಟಾಗ ನಾಗರಿಕ ವಿಮಾನ ಎಷ್ಟು ಮೈಲಿ, ಯಾವ ಎತ್ತರದಲ್ಲಿ ಒಳಬರಬಹುದು, ಯಾರಿಗೆ ತಿಳಿಸಬೇಕು ಎಂಬುದನ್ನೂ ಬರೆದಿಡಬೇಕು. ಗಡಿಯಾಚೆಯವರು ಒಪ್ಪದಿರಬಹುದು, ಗಡಿಯ ಈಚೆಗಿನ ನಮ್ಮದೇ ಆಕಾಶಕ್ಕೆ ನಾವು ಯಾರ ಒಪ್ಪಿಗೆಗೂ ಕಾಯಬೇಕಿಲ್ಲ.