ಹೊಸ್ತಿಲು ದಾಟುವ ಮುನ್ನ

ಗಂಡನ ಹಿಂಸೆಯಿಂದ ತಪ್ಪಿಸಿಕೊಳ್ಳುವ ಹೆಣ್ಣಿನ ಕತೆ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಕತ್ತಲೆ, ಮಳೆ, ಬೆನ್ನಟ್ಟುವ ಕಾರು. ಇದು ಸಿನಿಮಾ ಕಲಿಸಿದ ಪಾಠ. ಕಾಲೇಜಿನ ವಾರ್ಷಿಕ ಸಂಚಿಕೆಗೆ ರೋಚಕ ಕತೆ ಬರೆಯಲು ಕೂತ ಹುಡುಗ ಹುಡುಗಿಯರೂ ಅಲ್ಲಿಂದಲೇ ಆರಂಭಿಸುತ್ತಾರೆ. ಮೊದಲ ಸಾಲಿನಲ್ಲೇ ಆಕೆ ಓಡುತ್ತಿರುತ್ತಾಳೆ. ಎರಡು ಪುಟ ಓಡಿದ ಮೇಲೆ ಕತೆಗೆ ದಮ್ಮು ಉಳಿದಿರುವುದಿಲ್ಲ. ಆಕೆ ಯಾರು, ಇಷ್ಟು ದಿನ ಯಾಕೆ ಓಡಲಿಲ್ಲ ಎಂಬುದೇ ಓದುವವರಿಗೆ ಗೊತ್ತಿಲ್ಲ. ಪರಿಚಯವಿಲ್ಲದವಳ ಜೀವಕ್ಕಾಗಿ ಯಾರು ತಾನೇ ಉಸಿರು ಬಿಗಿಹಿಡಿದಾರು?

ಇಂಥ ಕತೆಯ ಜೀವ ಇರುವುದು ಓಟಕ್ಕೆ ಮುಂಚಿನ ತಯಾರಿಯಲ್ಲಿ. ಮುನ್ನೂರು ಪುಟದ ಕಾದಂಬರಿಯಲ್ಲಿ ಆಕೆ ಹೊಸ್ತಿಲು ದಾಟುವುದು ನೂರೈವತ್ತನೆಯ ಪುಟಕ್ಕೆ ಬಂದರೂ ತಡವಾಯಿತೆನ್ನುವಂತಿಲ್ಲ. ಅದಕ್ಕೆ ಮುಂಚೆ ಎರಡು ಕೆಲಸ ಆಗಬೇಕು. ಮನೆ ಹೇಗೆ ಸೆರೆಯಾಯಿತೆಂದು ಓದುವವರಿಗೆ ಮನದಟ್ಟಾಗಬೇಕು. ಒಳಗಿರುವವಳು ಏನನ್ನೋ ಹೊಂಚುತ್ತಿದ್ದಾಳೆಂಬ ಗುಟ್ಟು ಗಂಡನಿಗೆ ತಿಳಿಯದೆ ಓದುವವರಿಗೆ ಮಾತ್ರ ತಿಳಿಯಬೇಕು. ಅಕ್ಕಿ ಡಬ್ಬಿಯ ತಳದಲ್ಲಿ ಏನಿದೆಯೆಂದು ಗೊತ್ತಿದ್ದರೆ, ಗಂಡ ಸುಮ್ಮನೆ ಅದರ ಮುಚ್ಚಳ ತೆಗೆದರೂ ಎದೆ ಧಸಕ್ಕೆನ್ನುತ್ತದೆ.

ಮನೆ ಸೆರೆಯಾಗುವ ಬಗೆಗೆ ಇಂಗ್ಲಿಷಿನಲ್ಲಿ ಒಂದು ಹಳೆಯ ಮಾದರಿ ಉಂಟು. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ‘ಗ್ಯಾಸ್ ಲೈಟ್’ ನಾಟಕದ ಗಂಡ ಸಾಮಾನುಗಳನ್ನು ತಾನೇ ಬಚ್ಚಿಟ್ಟು, ಕಳೆದದ್ದು ನೀನು ಎಂದು ಹೆಂಡತಿಯನ್ನು ನಂಬಿಸುತ್ತಾನೆ. ರಾತ್ರಿ ಅವನು ಮೇಲಿನ ಮಹಡಿಯಲ್ಲಿ ಕಳ್ಳತನದಿಂದ ದೀಪ ಹಚ್ಚಿಕೊಂಡು ಒಡವೆ ಹುಡುಕುವಾಗ ಕೆಳಗಿನ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ತಾನು ಕಂಡದ್ದು ನಿಜವೋ ತನಗೇ ಭ್ರಮೆಯೋ ಎಂದು ಆಕೆ ತಡಕಾಡತೊಡಗುತ್ತಾಳೆ. 1944ರಲ್ಲಿ ಹಾಲಿವುಡ್ ಇದನ್ನು ಸಿನಿಮಾ ಮಾಡಿದಾಗ ಆ ಪಾತ್ರಕ್ಕೆ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ನಾಟಕದ ಹೆಸರಿನಿಂದ ಹುಟ್ಟಿದ ‘ಗ್ಯಾಸ್‌ಲೈಟಿಂಗ್’ ಎಂಬ ಪದವನ್ನು ಅಮೆರಿಕದ ಮೆರಿಯಂ ವೆಬ್‌ಸ್ಟರ್ ನಿಘಂಟು 2022ರ ವರ್ಷದ ಪದವೆಂದು ಆರಿಸಿತು.

ಕನ್ನಡಕ್ಕೆ ಈ ವಸ್ತು ಹೊಸದೇನಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ಅಮ್ಮಂದಿರಲ್ಲಿ ಬಹಳ ಮಂದಿ ಓದಿದ್ದಾರೆ. ಓದದವರು ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಅವರನ್ನು ಕಂಡಿದ್ದಾರೆ. ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು, ಸಿಟ್ಟು ಬಂದರಂತೂ ಕೇಳುವುದೇ ಬೇಡ. ಗಂಡ ಬೇರೊಬ್ಬಳತ್ತ ವಾಲಿದ್ದಾನೆಂದು ತಿಳಿದಾಗ ಅದನ್ನು ಹೇಳಿಕೊಳ್ಳಲು ಆಕೆಗೆ ನಂಬಿಗಸ್ತ ಬಾಯಿಯೇ ಉಳಿದಿಲ್ಲ. ಇದರಲ್ಲಿ ಕೊಲೆಯಿಲ್ಲ, ಬೆನ್ನಟ್ಟುವಿಕೆಯಿಲ್ಲ. ಆದರೂ ಬಲೆ ಬಿಗಿಯುವ ಕ್ರಮವನ್ನು ಕಲಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಕಾವೇರಿಗೆ ಮಾತ್ರ ಬಿಡುಗಡೆಯಿಲ್ಲ. ಕತೆ ಆಸ್ಪತ್ರೆಗೇ ಮರಳುತ್ತದೆ.

ಬರೆಯುವವರಿಗೆ ಇಲ್ಲಿ ಒಂದು ತೊಡಕಿದೆ. ಕತೆಗೆ ಮುಂದೆ ಹೋಗುವ ದಾರಿ ಬೇಕು. ಹಿಂಸೆಯಾದರೋ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಇದನ್ನು ಒಂದು ಚಕ್ರವೆಂದು ವಿವರಿಸಿದರು. ಮನೆಯಲ್ಲಿ ಬಿಗಿ ಏರುವುದು, ಸಿಡಿಯುವುದು, ಆಮೇಲೆ ಕಾಲು ಹಿಡಿದು ಅಳುವುದು, ಹೂವು ಸೀರೆ ತರುವುದು, ಮತ್ತೆ ಬಿಗಿ. ಎಲ್ಲ ಮನೆಗಳೂ ಈ ಅಚ್ಚಿಗೆ ಕೂಡುವುದಿಲ್ಲವೆಂದು ನಂತರದವರು ತಕರಾರು ತೆಗೆದಿದ್ದಾರೆ, ಅದೂ ಸರಿಯೇ. ಕತೆಗಾರರಿಗೆ ಮುಖ್ಯವಾದದ್ದು ಮೂರನೆಯ ಹಂತ. ಹೂವು ತಂದ ದಿನ ಓದುವವರಿಗೂ ಒಂದಿಷ್ಟು ಆಸೆ ಹುಟ್ಟಬೇಕು. ಗಂಡನನ್ನು ಮೊದಲ ಪುಟದಿಂದಲೇ ರಾಕ್ಷಸ ಮಾಡಿಬಿಟ್ಟರೆ ‘ಇವಳು ಯಾಕಿನ್ನೂ ಇಲ್ಲಿದ್ದಾಳೆ?’ ಎಂದು ಆಕೆಯ ಮೇಲೆಯೇ ಸಿಟ್ಟು ಬರುತ್ತದೆ. ಎರಡನೆಯ ಸುತ್ತು ಮೊದಲಿನದಕ್ಕಿಂತ ಕಿರಿದಾಗಿರಬೇಕು, ಮೂರನೆಯದು ಇನ್ನೂ ಕಿರಿದು. ಪ್ರತಿ ಸುತ್ತಿನಲ್ಲೂ ಆಕೆಯ ಕೈಯಿಂದ ಒಂದು ವಸ್ತು ಹೋಗಬೇಕು: ಮೊದಲು ಗೆಳತಿ, ಆಮೇಲೆ ಕೆಲಸ, ಆಮೇಲೆ ಫೋನು.

ಎಣಿಸಿ ಎಣಿಸಿ ಮೂರು ಸಲ ತಾಳಿ ಹೊರಡುವ ಕತೆ ಕನ್ನಡದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಇತ್ತು. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯನ್ನು ಭಕ್ತಿಕಾವ್ಯವೆಂದು ಓದುವುದು ರೂಢಿ, ಆದರೆ ಅದರ ಕಥಾಬಂಧ ನೋಡಿದರೆ ಇಂದಿನ ರೋಚಕ ಕಾದಂಬರಿಕಾರರು ತಲೆದೂಗಬೇಕು. ಉಡುತಡಿಯ ರಾಜ ಕೌಶಿಕ ಆಕೆಯನ್ನು ಬಯಸುತ್ತಾನೆ. ಒಪ್ಪದಿದ್ದರೆ ತಂದೆತಾಯಿಗಳ ಜೀವಕ್ಕೆ ಸಂಚಕಾರ. ಆಕೆ ಕರಾರು ಹಾಕಿ ಅರಮನೆಗೆ ಹೋಗುತ್ತಾಳೆ. ಲಿಂಗಪೂಜೆಗೆ, ಶರಣರ ಸಂಗಕ್ಕೆ ಅಡ್ಡಿ ಮಾಡಬಾರದು; ಮೂರು ತಪ್ಪಿನವರೆಗೆ ಕ್ಷಮೆ. ಅಂದಿನಿಂದ ಓದುವವರು ಬೆರಳು ಮಡಿಸುತ್ತಾ ಕೂರುತ್ತಾರೆ. ಮೂರನೆಯ ಬೆರಳು ಮಡಿಸಿದ ಮೇಲೆ ಆಕೆ ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟುಬಿಡುತ್ತಾಳೆ. ಕತೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ಹರಿಹರನ ಜಾಣತನ. ಶ್ರೀಶೈಲ ಮುಟ್ಟಿದ ಮೇಲೂ ಕೌಶಿಕ ಹುಡುಕಿಕೊಂಡು ಬರುತ್ತಾನೆ, ಅದೂ ಭಕ್ತನ ವೇಷದಲ್ಲಿ. ಬೆನ್ನಟ್ಟಿದವನು ಸಾಧುವಾಗಿ ಎದುರು ನಿಲ್ಲುವುದು! (ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಈ ಮದುವೆಯೇ ನಡೆಯುವುದಿಲ್ಲ. ವಿದ್ವಾಂಸರ ಜಗಳ ಅವರಿಗಿರಲಿ.)

1987ರಲ್ಲಿ ನ್ಯಾನ್ಸಿ ಪ್ರೈಸ್ ಬರೆದ ‘ಸ್ಲೀಪಿಂಗ್ ವಿತ್ ದಿ ಎನಿಮಿ’ ಕಾದಂಬರಿಗೂ 1991ರ ಅದರ ಸಿನಿಮಾಕ್ಕೂ ಬಂಧ ಹೆಚ್ಚುಕಡಿಮೆ ಇದೇ. ಹಿಂದಿಯಲ್ಲಿ 1996ರ ‘ಅಗ್ನಿಸಾಕ್ಷಿ’ಯಾಗಿ ಬಂದದ್ದೂ ಅದೇ ಎಳೆ. ಇಂಗ್ಲಿಷ್ ಸಿನಿಮಾದ ನಾಯಕಿ ಗುಟ್ಟಾಗಿ ಈಜು ಕಲಿತು, ಸಮುದ್ರದಲ್ಲಿ ಮುಳುಗಿ ಸತ್ತಂತೆ ತೋರಿಸಿ ದೂರದ ಊರು ಸೇರುತ್ತಾಳೆ. ಗಂಡ ಅಲ್ಲಿಗೂ ಬಂದಿದ್ದಾನೆಂದು ಆಕೆಗೆ ತಿಳಿಯುವುದು ಬಚ್ಚಲಿನ ಟವೆಲ್ಲುಗಳಿಂದ. ಅವು ಅವನಿಗೆ ಬೇಕಾದಂತೆ ಒಂದೇ ಗೆರೆಗೆ ನೇತಾಡುತ್ತಿರುತ್ತವೆ. ಕಪಾಟಿನ ಡಬ್ಬಿಗಳೂ ಸಾಲಾಗಿ ನಿಂತಿರುತ್ತವೆ. ಮೊದಲ ಭಾಗದಲ್ಲಿ ಆ ಟವೆಲ್ಲಿಗಾಗಿ ಆಕೆ ಪಟ್ಟ ಪಾಡು ನೋಡಿರದಿದ್ದರೆ ಇಲ್ಲಿ ಅವು ಬರೀ ಟವೆಲ್ಲುಗಳು.

ಹಾಗೆಂದು ಸಮುದ್ರ, ಈಜು, ಬಣ್ಣದ ಕೂದಲನ್ನು ಎತ್ತಿಕೊಂಡು ದೇವದುರ್ಗಕ್ಕೆ ತಂದರೆ ನಗೆಪಾಟಲಾಗುತ್ತದೆ. ಇಲ್ಲಿ ಒಬ್ಬ ಹೆಣ್ಣುಮಗಳು ಕಣ್ಮರೆಯಾಗುವುದು ಸುಲಭವಲ್ಲ. ಬಸ್ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಚಹಾ ಅಂಗಡಿಯವನು, ದೂರದ ಸಂಬಂಧಿ, ಗಂಡನ ಗೆಳೆಯ ಮೂವರಾದರೂ ‘ಯಾಕವ್ವ, ಒಬ್ಬಾಕಿನ ಹೊಂಟಿ?’ ಎಂದು ಕೇಳಿರುತ್ತಾರೆ. ಆದ್ದರಿಂದ ಈ ನೆಲದ ಕತೆಯಲ್ಲಿ ವೇಷಕ್ಕಿಂತ ನೆಪ ದೊಡ್ಡದು. ಆಸ್ಪತ್ರೆ, ಜಾತ್ರೆ, ತವರಿನ ಸಾವು, ಮಂತ್ರಾಲಯದ ಹರಕೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರ ಗುಂಪುಗಳು ರಾಯಚೂರಿನ ಮೇಲೆ ಹಾಯುತ್ತವೆ, ಅವರ ನಡುವೆ ಒಬ್ಬಳು ಹೆಚ್ಚಾದರೆ ಯಾರು ಎಣಿಸುತ್ತಾರೆ? ದೇವದುರ್ಗದ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರಿಗೆ ಗುಳೆ ಹೊರಡುತ್ತವೆ. ತಲೆಯ ಮೇಲೆ ಗಂಟು, ಬಗಲಲ್ಲಿ ಕೂಸು ಇರುವ ಆ ಗುಂಪಿನಲ್ಲಿ ಸೆರಗು ಮುಂದೆಳೆದುಕೊಂಡು ಕೂತವಳ ಮುಖವನ್ನು ಯಾರೂ ಇಣುಕಿ ನೋಡುವುದಿಲ್ಲ.

ಭೂಗೋಳವೂ ಕತೆಗೆ ಒದಗುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ದೋಆಬು. ಆಂಧ್ರಕ್ಕೆ ಸೇತುವೆ ದಾಟಿಯೇ ಹೋಗಬೇಕು. ಮುಂಬೈ, ಚೆನ್ನೈ, ಬೆಂಗಳೂರಿನ ರೈಲುಗಳು ಸಿಗುವುದು ರಾಯಚೂರಿನಲ್ಲಿ. ಹುಡುಕುವ ಗಂಡ ಮೊದಲು ನಿಲ್ಲುವುದು ಆ ಸ್ಟೇಷನ್ನಿನಲ್ಲೇ. ಜಾಣ ನಾಯಕಿ ರೈಲು ಹತ್ತದೆ ಮಾನ್ವಿಯ ಬಸ್ಸು ಹತ್ತಿಯಾಳು.

ಬಸ್ಸಿಗೆ ದುಡ್ಡು? 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಳೆಯ ಕತೆಗಳಲ್ಲಿ ನಾಯಕಿ ಬಸ್ ಚಾರ್ಜಿಗೆ ತಿಂಗಳುಗಟ್ಟಲೆ ಚಿಲ್ಲರೆ ಕೂಡಿಸುತ್ತಿದ್ದಳು. ಆ ಗಂಟು ಬಿಚ್ಚಿತು, ಆದರೆ ಇನ್ನೊಂದು ಬಿದ್ದಿತು. ಕಂಡಕ್ಟರಿಗೆ ಗುರುತಿನ ಚೀಟಿ ತೋರಿಸಬೇಕು, ಆಧಾರ್ ಕಾರ್ಡು ಗಂಡನ ಟ್ರಂಕಿನಲ್ಲಿದೆ. ಈಗ ಕತೆಯ ನಿಧಿ ಒಡವೆಯಲ್ಲ, ಆ ಕಾರ್ಡು. ಸಿಕ್ಕ ಮೇಲೂ ಕಂಡಕ್ಟರು ಕೊಡುವ ಶೂನ್ಯ ಟಿಕೆಟಿನ ಮೇಲೆ ಎಲ್ಲಿಂದ ಎಲ್ಲಿಗೆ ಎಂದು ಅಚ್ಚಾಗಿರುತ್ತದೆ. ಗಬ್ಬೂರಿನ ಹತ್ತಿರ ಆಕೆ ಅದನ್ನು ಕಿಟಕಿಯಿಂದ ಎಸೆದಳೋ, ಕೂಸಿನ ಅಂಗಿಯ ಜೇಬಿನಲ್ಲಿ ಮರೆತಳೋ? ಎರಡನೆಯ ಭಾಗವೆಲ್ಲ ಆ ತುಂಡು ಕಾಗದದ ಮೇಲೆ ನಿಲ್ಲಬಹುದು. ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಗೆ ಬರುವಂಥದ್ದು. ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯಾದರೆ ಸೊಸೆಯ ಕೈ ಬರಿದೇ.

ಇಷ್ಟೆಲ್ಲ ದಾಟಿ ಆಕೆ ಮುಟ್ಟುವುದು ಎಲ್ಲಿಗೆ? ಇಂಗ್ಲಿಷ್ ಕತೆಯಲ್ಲಿ ಗುರುತಿಲ್ಲದ ಊರಿಗೆ. ನಮ್ಮ ಕತೆಯಲ್ಲಿ ಮಾನ್ವಿಯ ತವರುಮನೆಗೆ. ಬಾಗಿಲು ತಟ್ಟಿದಾಗ ಒಳಗಿನಿಂದ ಬರುವ ಮಾತೇ ಕತೆಯ ತಿರುವು. ‘ಬಂದ್ಯಾ ಮಗಳ, ಒಳಗ ಬಾ’ ಎಂದರೆ ಒಂದು ಕತೆ. ‘ನಾಲ್ಕು ದಿನ ಇದ್ದು ಹೋಗವ್ವ, ಹೊಂದಿಕೊಂಡು ಹೋಗಬೇಕು, ತಂಗಿ ಮದುವಿ ಇನ್ನೂ ಆಗಬೇಕು’ ಎಂದರೆ ಇನ್ನೊಂದು. ಎರಡನೆಯ ಮಾತು ಆಡುವವರು ದುಷ್ಟರೇನಲ್ಲ, ಪ್ರೀತಿಯಿಂದಲೇ ಆಡುತ್ತಾರೆ, ಅದೇ ಭಯಂಕರ. ಸಂಜೆ ಅಪ್ಪ ‘ನಿನ್ನ ಮಗಳು ಇಲ್ಲೇ ಅದಾಳಪ್ಪ, ಚಿಂತಿ ಮಾಡಬ್ಯಾಡ’ ಎಂದು ಅಳಿಯನಿಗೆ ಫೋನು ಮಾಡುವ ದೃಶ್ಯ ಯಾವ ಕೊಲೆಗಾರನ ನೆರಳಿಗಿಂತಲೂ ಮೈ ನಡುಗಿಸೀತು. ಈ ವಿಷಯ ಅಧ್ಯಯನ ಮಾಡಿದವರು ಒಮ್ಮತದಿಂದ ಹೇಳುವ ಮಾತೊಂದಿದೆ: ಬಿಟ್ಟು ಹೊರಡುವ ಹೊತ್ತು ಮತ್ತು ಹೊರಟ ಮೊದಮೊದಲ ದಿನಗಳೇ ಅತಿ ಅಪಾಯದವು. ಅಪ್ಪನ ಫೋನು ಬರುವುದು ಸರಿಯಾಗಿ ಆ ಹೊತ್ತಿಗೆ.

ಹದಿನೇಳರ ಮಕ್ಕಳು ಇಂಥದ್ದನ್ನು ಓದಬೇಕೇ, ಬರೆಯಬೇಕೇ ಎಂದು ಹೆತ್ತವರು ಕೇಳುವುದುಂಟು. ಓದಿದ ಹುಡುಗಿ ಆ ಫೋನಿನ ದೃಶ್ಯವನ್ನು ಊಟದ ಹೊತ್ತಿಗೆ ಅಪ್ಪನ ಮುಂದೆ ಹೇಳಿದಳೆಂದರೆ, ಅಪ್ಪ ಏನಂದಾರು ಎಂಬುದು ಆಕೆಗೆ ಕತೆಗಿಂತ ಕುತೂಹಲದ ಸಂಗತಿ.

ಕೊನೆಯ ಬಗ್ಗೆ ಒಂದು ಮಾತು. ಕಾರ್ನಾಡರ ‘ನಾಗಮಂಡಲ’ದ ರಾಣಿಯನ್ನು ಅಪ್ಪಣ್ಣ ಮನೆಯೊಳಗೆ ಕೂಡಿ ಬೀಗ ಹಾಕಿ ಹೋಗುತ್ತಾನೆ. ಆಕೆ ಓಡುವುದಿಲ್ಲ, ಹಾವು ಹಿಡಿದು ದಿವ್ಯ ಮಾಡಿ ಊರಿಗೇ ದೇವತೆಯಾಗುತ್ತಾಳೆ. ಪವಾಡವಿಲ್ಲದೆಯೂ ಮನೆಯಲ್ಲೇ ಉಳಿಯುವ ದಾರಿ ಇದೆ, ರೋಚಕ ಕತೆಗಾರರು ಅದನ್ನು ಅಷ್ಟಾಗಿ ಬಳಸಿಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಬೈಗುಳ, ಬೆದರಿಕೆ, ದುಡ್ಡು ಕೊಡದಿರುವುದು ಕೂಡ ಹಿಂಸೆಯೇ. ಜೊತೆಯಾಗಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಆಕೆಗೆ ಉಂಟು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಈ ಹಕ್ಕು ಸಿಗಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ರಕ್ಷಣಾಧಿಕಾರಿಗಳು, ಎಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ತಾಲ್ಲೂಕಿನ ಅದೇ ಕಚೇರಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ತುರ್ತಿಗೆ 112. ಮ್ಯಾಜಿಸ್ಟ್ರೇಟರು ಗಂಡನಿಗೆ ಮನೆ ಬಿಟ್ಟು ಹೊರಗಿರುವಂತೆ ಆದೇಶ ಕೊಡಬಹುದು.

ಹಾಗೆ ಬರೆದ ಕತೆಯಲ್ಲಿ ಬಟ್ಟೆಯ ಚೀಲ ಹಿಡಿದು ದೇವದುರ್ಗದ ನಿಲ್ದಾಣಕ್ಕೆ ನಡೆಯುವವನು ಗಂಡ. ಚಹಾ ಅಂಗಡಿಯವನು ಈಗ ಅವನನ್ನು ಕೇಳುತ್ತಾನೆ, ‘ಯಾಕಪ್ಪ, ಒಬ್ಬಾಂವನ ಹೊಂಟಿ?’