ಫಿಲ್ಟರ್ ಹಾಕೋ ಮುಂಚೆ, ಸದ್ದು ಎಲ್ಲಿಂದ ಅಂತ ಕೇಳೋಣ

ಸ್ಪೀಕರ್‌ನಲ್ಲಿ ಬೇಡದ ಸದ್ದು ಬಂದರೆ ನಾವು ಮೊದಲು ಏನು ಮಾಡ್ತೀವಿ? ಈಕ್ವಲೈಸರ್ ತೆಗೆದು ಯಾವುದೋ ಒಂದು ಬ್ಯಾಂಡ್ ಇಳಿಸ್ತೀವಿ. ಸದ್ದು ಹೋಯ್ತಾ, ಕೆಲಸ ಮುಗೀತು. ಈ ಅಭ್ಯಾಸ ತಪ್ಪು ಅಂತ ನನ್ನ ಅಭಿಪ್ರಾಯ. ಇದನ್ನ ನನಗೆ ಕಲಿಸಿದ್ದು ಯಾವ ಲ್ಯಾಬೂ ಅಲ್ಲ, ಜೆ.ಪಿ. ನಗರದ ದೊಡ್ಡಪ್ಪನ ಮನೆಯ ಹವಾಯಿಯನ್ ಗಿಟಾರ್.

ಗೊತ್ತಿಲ್ಲದವರಿಗೆ: ಈ ಗಿಟಾರನ್ನ ತೊಡೆ ಮೇಲೆ ಮಲಗಿಸಿ, ಎಡಗೈಯಲ್ಲಿ ಸ್ಟೀಲ್ ಬಾರ್ ಹಿಡಿದು ತಂತಿ ಮೇಲೆ ಜಾರಿಸ್ತಾ ನುಡಿಸ್ತಾರೆ. ಇದಕ್ಕೇ ಕಾಲು, ಪೆಡಲ್, ಮಂಡಿಯಿಂದ ತಳ್ಳೋ ಲಿವರ್ ಸೇರಿಸಿದರೆ ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್. ನಮ್ಮ ಕರ್ನಾಟಕ ಸಂಗೀತದ ಚಿತ್ರವೀಣೆ, ಅಂದ್ರೆ ಗೋಟುವಾದ್ಯ, ಕೂಡ ಇದೇ ಜಾತಿ.

ದೊಡ್ಡಪ್ಪ ಎರಡು ವರ್ಷದಿಂದ ಗಿಟಾರ್ ಮುಟ್ಟಿರಲಿಲ್ಲ. ಕೇಳಿದ್ರೆ, "ಅದಕ್ಕೂ ವಯಸ್ಸಾಯ್ತು ಬಿಡು, ಕೀರಲು ಸದ್ದು ಬರುತ್ತೆ" ಅಂತಿದ್ರು. ನಾನು ಇಂಜಿನಿಯರಿಂಗ್ ಅಲ್ವಾ, ತಕ್ಷಣ ಪರಿಹಾರ ರೆಡಿ. ಪಿಕಪ್ ಬದಲಾಯಿಸೋಣ ಅಂದೆ. ಫ್ರೆಂಡ್ ಒಬ್ಬ ನಾಯ್ಸ್ ಗೇಟ್ ತಗೋ ಅಂದ. ಈಕ್ವಲೈಸರ್‌ನಲ್ಲಿ 2 ಕಿಲೋಹರ್ಟ್ಸ್ ಸುತ್ತ ಇಳಿಸಿ ನೋಡಿದೆ. ಕೀರಲು ಕಮ್ಮಿ ಆಯ್ತು, ಜೊತೆಗೆ ಗಿಟಾರೂ ಕಂಬಳಿ ಹೊದ್ದು ಮಲಗಿದ ಹಾಗೆ ಆಯ್ತು.

ಆಮೇಲೆ ಸರಿಯಾಗಿ ಹುಡುಕೋಕೆ ಕೂತ್ವಿ. ಮೊದಲು ಆಂಪ್ಲಿಫೈಯರ್ ವೈರ್ ಕಿತ್ತು ನುಡಿಸಿದ್ರು. ಕಿವಿ ಹತ್ತಿರ ಇಟ್ಟರೆ ಆಗಲೂ ಕೀರಲು ಇತ್ತು. ಅಂದ್ರೆ ಕರೆಂಟ್ ತಪ್ಪಲ್ಲ. ಕರೆಂಟಿನ ಗುಂಯ್ ಸದ್ದು 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿರುತ್ತೆ, ಬಾರ್ ಎಲ್ಲಿ ಇಟ್ಟರೂ ಬದಲಾಗಲ್ಲ. ಎರಡನೇದು, ಬಿರಡೆಗಳ ಹತ್ತಿರ ನುಡಿಸದೆ ಉಳಿಯೋ ತಂತಿಯ ತುಂಡುಗಳಿಗೆ ಬಟ್ಟೆ ಸಿಕ್ಕಿಸಿದ್ವಿ. ವ್ಯತ್ಯಾಸ ಇಲ್ಲ. ಮೂರನೇದು, ಫೋನ್‌ನಲ್ಲಿ ಸ್ಪೆಕ್ಟ್ರೋಗ್ರಾಮ್ ಹಾಕಿದೆ. ದೊಡ್ಡಪ್ಪ ಬಾರನ್ನ ಬ್ರಿಜ್ ಕಡೆ ಜಾರಿಸಿದ್ರು. ಸ್ವರದ ಗೆರೆ ಮೇಲೆ ಹೋಯ್ತು. ಜೊತೆಗೇ ಇನ್ನೊಂದು ಸಣ್ಣ ಗೆರೆ ಕೆಳಗೆ ಇಳೀತಾ ಇತ್ತು!

ಕಾರಣ ಪಿಯುಸಿ ಫಿಸಿಕ್ಸೇ. ಬಾರ್ ತಂತಿಯನ್ನ ಎರಡು ತುಂಡು ಮಾಡುತ್ತೆ. ಮುಂದಿನ ತುಂಡು ನಾವು ನುಡಿಸೋದು. ಹಿಂದಿನ ತುಂಡೂ ಸುಮ್ಮನಿರಲ್ಲ, ನಡುಗುತ್ತೆ. ಮುಂದಿನದು ಚಿಕ್ಕದಾದಷ್ಟೂ ಹಿಂದಿನದು ಉದ್ದ ಆಗುತ್ತೆ. 12ನೇ ಫ್ರೆಟ್‌ನಲ್ಲಿ ಎರಡೂ ಸಮ, ಒಂದೇ ಸ್ವರ. 7ನೇ ಫ್ರೆಟ್‌ನಲ್ಲಿ ಹಿಂದಿನದರ ಫ್ರೀಕ್ವೆನ್ಸಿ ಸುಮಾರು ಎರಡರಷ್ಟು, 5ನೇದರಲ್ಲಿ ಸುಮಾರು ಮೂರರಷ್ಟು. ಇವೆಲ್ಲ ಸ್ವರದ ಜೊತೆ ಬೆರೆತು ಹೋಗ್ತವೆ. 4ನೇ ಫ್ರೆಟ್‌ಗೆ ಬಂದರೆ 3.85ರಷ್ಟು. ಅಲ್ಲೇ ಕೀರಲು ಎದ್ದು ಕೇಳೋದು.

ಇದನ್ನ ತಡೆಯೋಕೆ ನುಡಿಸುವವರು ಉಂಗುರ ಬೆರಳು, ಕಿರುಬೆರಳನ್ನ ಬಾರ್ ಹಿಂದೆ ತಂತಿ ಮೇಲೆ ಮೆತ್ತಗೆ ಒರಗಿಸ್ತಾರೆ. ದೊಡ್ಡಪ್ಪನ ಕೈ ನೋಡಿದೆ. ಸಂಧಿವಾತದಿಂದ ಆ ಎರಡು ಬೆರಳು ಸೆಟೆದುಕೊಂಡಿವೆ, ತಂತಿಗೆ ತಾಗ್ತಾನೇ ಇಲ್ಲ.

"ಅಂದ್ರೆ ವಯಸ್ಸಾಗಿರೋದು ಗಿಟಾರಿಗಲ್ಲ" ಅಂದ್ರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ದೊಡ್ಡಮ್ಮ ಎದ್ದು ಹೋಗಿ ಹಳೇ ಉಲ್ಲನ್ ಮಫ್ಲರಿಂದ ಒಂದು ಪಟ್ಟಿ ಕತ್ತರಿಸಿ ತಂದು ಆ ಬೆರಳುಗಳಿಗೆ ಸುತ್ತಿದ್ರು. ಆ ದಪ್ಪಕ್ಕೆ ಬೆರಳು ತಂತಿಗೆ ತಾಗ್ತು. ಕೀರಲು ಪೂರ್ತಿ ಹೋಗಲಿಲ್ಲ, ಆದರೆ ಬಹಳ ಕಮ್ಮಿ ಆಯ್ತು. ಈಗ ಭಾನುವಾರ ಸಂಜೆ ನುಡಿಸ್ತಾರೆ. ನಾನು ಹೇಳಿದ ಹಾಗೆ ಹೊಸ ಪಿಕಪ್ ಹಾಕಿದ್ದಿದ್ರೆ? ಅದು ಕೀರಲನ್ನ ಇನ್ನೂ ನೀಟಾಗಿ ಕೇಳಿಸಿರೋದು, ಗಿಟಾರ್ ವಾಪಸ್ ಅಟ್ಟಕ್ಕೆ ಹೋಗಿರೋದು.

"ಫೆಸ್ಟ್ ದಿನ ಸೌಂಡ್ ಚೆಕ್‌ಗೆ ಐದು ನಿಮಿಷ ಸಿಗುತ್ತೆ, ಆಗ ಮಫ್ಲರ್ ಹುಡುಕ್ತಾ ಕೂರೋಕಾಗುತ್ತಾ?" ಅಂತ ನೀವು ಕೇಳಬಹುದು. ನಿಜ. ಆವತ್ತು ಈಕ್ವಲೈಸರೇ ಗತಿ. ಆದರೆ ಆವತ್ತಿನ ಪ್ಯಾಚನ್ನೇ ನಾವು ಪರಿಹಾರ ಅಂತ ನಂಬಿಬಿಡ್ತೀವಲ್ಲ, ನನ್ನ ತಕರಾರು ಅದರ ಮೇಲೆ.

ಇನ್ನೊಂದು ವಿಷಯ. ಎಲ್ಲಾ ಓವರ್‌ಟೋನೂ ಶತ್ರು ಅಲ್ಲ. ತಂಬೂರಿಯ ಬ್ರಿಜ್ ಮೇಲೆ, ತಂತಿಯ ಕೆಳಗೆ ಒಂದು ದಾರ ಇಟ್ಟು ಓವರ್‌ಟೋನ್‌ಗಳನ್ನ ಬೇಕು ಅಂತಲೇ ಎಬ್ಬಿಸ್ತಾರೆ. ತಂತಿಯನ್ನ ಮೀಟಿದ ಜಾಗದಲ್ಲಿ ಯಾವ ಓವರ್‌ಟೋನ್‌ನ ನೋಡ್ ಇರುತ್ತೋ ಆ ಓವರ್‌ಟೋನ್ ಬರಬಾರದು ಅನ್ನುತ್ತೆ ಹಳೆಯ ನಿಯಮ. ತಂಬೂರಿ, ವೀಣೆಯಲ್ಲಿ ಅದೂ ಬರುತ್ತೆ ಅಂತ ಸಿ.ವಿ. ರಾಮನ್ 1921ರಲ್ಲಿ ಬರೆದರು. ಕಾರಣ ಬ್ರಿಜ್‌ನ ಆಕಾರದಲ್ಲಿದೆ ಅಂತ ತೋರಿಸಿದರು. ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದಿದ್ದು ಆಮೇಲೆ, 1933ರಲ್ಲಿ. ಬರಬಾರದ ಸದ್ದು ಬಂದಾಗ ಅವರು ಅದನ್ನ ಅಳಿಸಿ ಹಾಕಿದ್ದಿದ್ರೆ ಆ ಪೇಪರೇ ಇರ್ತಿರಲಿಲ್ಲ.

ನಮ್ಮ ಲ್ಯಾಬ್‌ನಲ್ಲಿ ನಾಯ್ಸನ್ನ ನಾವೇ ಕೋಡ್‌ನಲ್ಲಿ ಸೇರಿಸ್ತೀವಿ, ನಾವೇ ತೆಗೀತೀವಿ, ರೆಕಾರ್ಡ್‌ಗೆ ಸೈನ್ ಹಾಕಿಸ್ಕೋತೀವಿ. ಅದು ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಅಲ್ಲಿ ಜಾಗಾನೇ ಇಲ್ಲ. ಒಂದೇ ಒಂದು ಪ್ರಯೋಗದಲ್ಲಾದರೂ ನಿಜವಾದ ವಾದ್ಯ, ನಿಜವಾದ ಫ್ಯಾನ್, ನಿಜವಾದ ಮೋಟರ್‌ನ ಸದ್ದು ಕೊಟ್ಟು ಮೊದಲು ಮೂಲ ಹುಡುಕೋಕೆ ಹೇಳಿದರೆ ಚೆನ್ನಾಗಿರುತ್ತೆ. ಫಿಲ್ಟರ್ ಆಮೇಲೆ ಬರೆಯೋಣ, ಬೇಕಾದರೆ.