ಒಂದೇ ಜೀನ್, ಅಕ್ಕನಿಗೆ ಒಂದು ಥರ, ತಮ್ಮನಿಗೆ ಇನ್ನೊಂದು ಥರ

ಮನೆಯಲ್ಲಿ ಯಾರಿಗಾದರೂ ಹೃದಯ ಬಡಿತದ ತೊಂದರೆ ಇದೆ ಅಂತ ಗೊತ್ತಾದರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. "ವಂಶದಲ್ಲೇ ಇದೆ, ಏನು ಮಾಡೋಕಾಗುತ್ತೆ?" ಅನ್ನೋದು ಒಂದು. "ಅಪ್ಪನಿಗೆ ಎಪ್ಪತ್ತಾಯ್ತು, ಏನೂ ಆಗಿಲ್ಲ. ನನಗೇನಾಗುತ್ತೆ?" ಅನ್ನೋದು ಇನ್ನೊಂದು. ಕೆಟ್ಟ ಜೀನ್ ಇದ್ದರೆ ಕಾಯಿಲೆ ಬಂದೇ ಬರುತ್ತೆ, ಇಲ್ಲದಿದ್ದರೆ ಇಲ್ಲ ಅನ್ನೋ ನಂಬಿಕೆ ಈ ಎರಡರ ಹಿಂದೆಯೂ ಇದೆ. ಆದರೆ ಹೃದಯದ ಲಯದ ಲೆಕ್ಕ ಅಷ್ಟು ನೇರ ಅಲ್ಲ.

ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳೋದು. ನಾವು ಇವತ್ತು ಮಾತಾಡ್ತಿರೋದು ಅದರ ಬಗ್ಗೆ ಅಲ್ಲ, ಹೃದಯದ ಕರೆಂಟಿನ ಬಗ್ಗೆ. ಲಾಂಗ್ ಕ್ಯೂಟಿ ಸಿಂಡ್ರೋಮ್ ಅನ್ನೋ ಆನುವಂಶಿಕ ತೊಂದರೆ ಸುಮಾರು 2,000 ಜನರಲ್ಲಿ ಒಬ್ಬರಿಗೆ ಇರುತ್ತದೆ ಅಂತ ಅಂದಾಜು. ಪ್ರತಿ ಬಡಿತದ ನಂತರ ಹೃದಯದ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗಬೇಕು. ಆಗಲೇ ಅವು ಮುಂದಿನ ಬಡಿತಕ್ಕೆ ಸಜ್ಜಾಗೋದು. ಈ ಕೆಲಸ ತಡವಾದರೆ ಇಸಿಜಿಯಲ್ಲಿ 'ಕ್ಯೂಟಿ' ಅನ್ನೋ ಅಂತರ ಉದ್ದವಾಗಿ ಕಾಣುತ್ತದೆ. ಕೆಲವೊಮ್ಮೆ ಬಡಿತವೇ ಹಳಿ ತಪ್ಪಿ, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ.

ಎರಡು ಬಾಗಿಲಿನ ಸಿಟಿ ಬಸ್ ನೆನಪಿಸಿಕೊಳ್ಳಿ. ಕೊನೇ ಸ್ಟಾಪ್‌ನಲ್ಲಿ ಎಲ್ಲರೂ ಇಳಿದ ಮೇಲೇ ಮುಂದಿನ ಟ್ರಿಪ್. ಒಂದು ಬಾಗಿಲು ಸರಿಯಾಗಿ ತೆರೆಯದಿದ್ದರೂ ಇನ್ನೊಂದರಿಂದ ಹೇಗೋ ಇಳೀತಾರೆ. ಎರಡನೇದೂ ಸಿಕ್ಕಿಕೊಂಡರೆ ಬಸ್ ಹೊರಡೋದಿಲ್ಲ. ಹೃದಯದ ಕೋಶದಲ್ಲೂ ಪೊಟ್ಯಾಸಿಯಂಗೆ ಮುಖ್ಯವಾಗಿ ಇಂಥ ಎರಡು ಬಾಗಿಲುಗಳಿವೆ. ಒಂದನ್ನು ಕೆಸಿಎನ್‌ಕ್ಯೂ1 ಅನ್ನೋ ಜೀನ್ ಕಟ್ಟುತ್ತದೆ, ಇನ್ನೊಂದನ್ನು ಕೆಸಿಎನ್‌ಎಚ್2. ಮೊದಲನೆಯದು ಕೆಲಸಕ್ಕೆ ಬರೋದು ಓಡುವಾಗ, ಈಜುವಾಗ, ಬಡಿತ ಜೋರಾದಾಗ. ಅದಕ್ಕೇ ಆ ಜೀನ್‌ನಲ್ಲಿ ದೋಷ ಇದ್ದವರಿಗೆ ಹೆಚ್ಚಾಗಿ ತೊಂದರೆಯಾಗೋದು ಆಟದ ಮೈದಾನದಲ್ಲಿ, ನೀರಿನಲ್ಲಿ. ಎರಡನೆಯದರಲ್ಲಿ ದೋಷ ಇದ್ದರೆ, ನಿದ್ದೆಯಲ್ಲಿರುವಾಗ ಅಲಾರಂ ಹೊಡೆದರೂ ಸಾಕು.

ದಕ್ಷಿಣ ಆಫ್ರಿಕಾದಲ್ಲಿ 22 ಕುಟುಂಬಗಳಿಗೆ ಕೆಸಿಎನ್‌ಕ್ಯೂ1ರಲ್ಲಿ ಒಂದೇ ದೋಷ ಇತ್ತು. ಹಿಂದೆ ಹುಡುಕಿಕೊಂಡು ಹೋದರೆ ಎಲ್ಲರ ಬೇರು 18ನೇ ಶತಮಾನದ ಒಬ್ಬ ದಂಪತಿಯಲ್ಲಿ ಸಿಕ್ಕಿತು. ಎಲ್ಲರದ್ದೂ ಒಂದೇ ದೋಷ ಅಂದಮೇಲೆ ಎಲ್ಲರಿಗೂ ಒಂದೇ ಥರ ಆಗಬೇಕಿತ್ತು. ಹಾಗಾಗಿರಲಿಲ್ಲ. ಕೆಲವರ ಹೃದಯ ಹಠಾತ್ತನೆ ನಿಂತಿತ್ತು. ಇನ್ನು ಕೆಲವರು ಒಂದು ಸಲವೂ ತಲೆ ತಿರುಗದೆ ಬದುಕಿದ್ದರು, ಕೆಲವರ ಇಸಿಜಿ ಕೂಡ ನಾರ್ಮಲ್ ಇತ್ತು. 2009ರಲ್ಲಿ ಒಂದು ಕಾರಣ ಸಿಕ್ಕಿತು. ಕೆಸಿಎನ್‌ಕ್ಯೂ1 ಇರೋದು 11ನೇ ಕ್ರೋಮೋಸೋಮಿನಲ್ಲಿ. ದೂರದ 1ನೇ ಕ್ರೋಮೋಸೋಮಿನಲ್ಲಿರುವ ಎನ್‌ಒಎಸ್1ಎಪಿ ಅನ್ನೋ ಜೀನ್‌ನ ಕೆಲವು ಸಾಮಾನ್ಯ ರೂಪಗಳು ಜೊತೆಗೆ ಬಂದವರಿಗೆ ಅಪಾಯ ಹೆಚ್ಚಿತ್ತು. ಆ ರೂಪಗಳು ನಮ್ಮ ನಿಮ್ಮಲ್ಲೂ ಎಷ್ಟೋ ಜನರಲ್ಲಿ ಇರುತ್ತವೆ. ಅವಷ್ಟೇ ಇದ್ದರೆ ದೊಡ್ಡ ತೊಂದರೆಯಿಲ್ಲ. ಮೊದಲ ಬಾಗಿಲು ಸಿಕ್ಕಿಕೊಂಡವರಲ್ಲಿ ಮಾತ್ರ ಭಾರವಾಗುತ್ತವೆ.

ಹಾಗಾಗಿ ಅಪ್ಪ ಆರಾಮಾಗಿದ್ದಾರೆ ಅನ್ನೋದು ನಿಮಗೆ ಗ್ಯಾರಂಟಿ ಅಲ್ಲ. ಅವರಿಂದ ನಿಮಗೆ ಬಂದಿರೋದು ಅರ್ಧ ಮಾತ್ರ, ಉಳಿದರ್ಧ ಅಮ್ಮನದು. ಜೀನ್ ರಿಪೋರ್ಟ್‌ನಲ್ಲಿ ದೋಷ ಬಂತು ಅಂದಮಾತ್ರಕ್ಕೆ ಕಥೆ ಮುಗಿದಿದೆ ಅಂತಲೂ ಅಲ್ಲ.

ಎರಡೂ ಕಡೆಯಿಂದ ಒಂದೇ ದೋಷ ಬಂದರೆ ಏನಾಗುತ್ತೆ? 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಅನ್ನೋ ವೈದ್ಯರು ಒಂದು ಕುಟುಂಬದ ಬಗ್ಗೆ ಬರೆದರು. ನಾಲ್ಕು ಮಕ್ಕಳು ಹುಟ್ಟು ಕಿವುಡರು, ಆಗಾಗ ಪ್ರಜ್ಞೆ ತಪ್ಪಿ ಬೀಳೋರು. ಮೂವರು ಹಠಾತ್ತನೆ ತೀರಿಕೊಂಡರು. ಈ ಜೀನ್‌ಗೆ ಒಳಕಿವಿಯಲ್ಲೂ ಕೆಲಸ ಇದೆ ಅನ್ನೋದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಹತ್ತಿರದ ಸಂಬಂಧದಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಕೂಡುವ ಸಾಧ್ಯತೆ ಹೆಚ್ಚು. ಹುಟ್ಟಿನಿಂದ ಕಿವಿ ಕೇಳದ ಮಗು ಪ್ರಜ್ಞೆ ತಪ್ಪಿ ಬಿದ್ದರೆ ಕಿವಿ ಡಾಕ್ಟರ ಜೊತೆ ಹೃದಯದ ಡಾಕ್ಟರಿಗೂ ತೋರಿಸಿ. ಒಂದು ಇಸಿಜಿ ಮಾಡಿಸಿ.

ಜೀನ್ ಬದಲಾಯಿಸೋಕಾಗಲ್ಲ, ನಿಜ. ಆದರೆ ಎರಡನೇ ಬಾಗಿಲನ್ನು ನಾವೇ ಅಡ್ಡಗಟ್ಟದೆ ಇರಬಹುದಲ್ವಾ? ಕ್ಯೂಟಿ ಉದ್ದ ಮಾಡುವ ಬಹುತೇಕ ಔಷಧಿಗಳು ಹಿಡಿಯೋದು ಆ ಕೆಸಿಎನ್‌ಎಚ್2 ಬಾಗಿಲನ್ನೇ. ಗ್ಯಾಸ್‌ಗೆ ಅಂತ ತಗೊಳ್ಳೋ ಎಷ್ಟೋ ಮಾತ್ರೆಗಳಲ್ಲಿ ಸೇರಿರುವ ಡಾಮ್‌ಪೆರಿಡೋನ್, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ನೆಗಡಿ ಕೆಮ್ಮಿಗೂ ನಾವೇ ಕೇಳಿ ತರುವ ಅಜಿಥ್ರೊಮೈಸಿನ್ ಎಲ್ಲವೂ ಎಚ್ಚರಿಕೆಯ ಪಟ್ಟಿಯಲ್ಲಿವೆ. ಹೆಚ್ಚಿನವರಿಗೆ ಇವುಗಳಿಂದ ಏನೂ ಆಗಲ್ಲ. ಮೊದಲ ಬಾಗಿಲು ಗುಟ್ಟಾಗಿ ಕೆಟ್ಟಿರುವವರಿಗೆ ಆಗಬಹುದು. ವಾಂತಿ ಭೇದಿಯಾಗಿ ಪೊಟ್ಯಾಸಿಯಂ ಇಳಿದಿರುವಾಗ ಇನ್ನೂ ಹೆಚ್ಚು. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಮಾತ್ರೆ ತರುವ ಮೊದಲು ಇದು ನೆನಪಿರಲಿ.

ಮನೆಯಲ್ಲಿ ಈ ತೊಂದರೆ ಯಾರಿಗಾದರೂ ಖಚಿತವಾಗಿದ್ದರೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರೂ ಇಸಿಜಿ ಮಾಡಿಸಬೇಕು. ಸುಸ್ತು ಸಂಕಟ ಏನೂ ಇಲ್ಲದಿದ್ದರೂ ಮಾಡಿಸಿ. ಇಸಿಜಿ ನಾರ್ಮಲ್ ಬಂದರೂ, ಜೀನ್ ಪರೀಕ್ಷೆ ಬೇಕಾ ಅಂತ ಹೃದಯದ ವೈದ್ಯರನ್ನೇ ಕೇಳಿ. ಬೀಟಾ ಬ್ಲಾಕರ್ ಥರದ ಅಗ್ಗದ, ಹಳೆಯ ಮಾತ್ರೆಗಳೇ ಎಷ್ಟೋ ಜನರನ್ನು ಕಾಪಾಡುತ್ತಿವೆ. ಬರೆದುಕೊಟ್ಟಿದ್ದರೆ ನೀವಾಗೇ ನಿಲ್ಲಿಸಬೇಡಿ.

ಯಾರಿಗೂ ಏನೂ ಗೊತ್ತಿಲ್ಲದ ಮನೆಯಾದರೆ, ಮುಂದಿನ ಸಲ ಊರಿಗೆ ಹೋದಾಗ ಅಜ್ಜಿ ಹತ್ತಿರ ಕೂತು ಮೂರು ಪ್ರಶ್ನೆ ಕೇಳಿ. ನಮ್ಮ ಕಡೆ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದಂತೆ ಹೋದವರು ಯಾರಾದ್ರೂ ಇದ್ರಾ? ಚೆನ್ನಾಗಿ ಈಜು ಬರ್ತಿದ್ರೂ ಕೆರೆಯಲ್ಲೋ ಬಾವಿಯಲ್ಲೋ ಮುಳುಗಿದವರು? ಓಡುವಾಗ, ಬೆಚ್ಚಿಬಿದ್ದಾಗ 'ಫಿಟ್ಸ್' ಬರ್ತಿದ್ದವರು? ಹೌದು ಅಂದರೆ ಅದನ್ನು ಹಣೆಬರಹ ಅಂತ ಬಿಡಬೇಡಿ. ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.